ಮಂಚ ವಾಪಸ್ ತಂದವರು

ಬಂಗಾರಪೇಟೆಯ ಆಸರೆ ಸೇವಾ ಕ್ಲಬ್ಬಿನಲ್ಲಿ ಉಳಿದಿದ್ದವರು ಹನ್ನೊಂದು ಜನ. ಅವರಲ್ಲಿ ಬಚ್ಚಪ್ಪನದು ಬಾಗಿಲ ಪಕ್ಕದ ಕುರ್ಚಿ. ಅಲ್ಲೇ ಕೂರು ಎಂದು ಯಾರೂ ಹೇಳಿರಲಿಲ್ಲ. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಎರಡು ಹಸುಗಳಿಗೆ ಮೇವು ಎಳೆದು ಹಳ್ಳಿಯಿಂದ ಬರುವವನು ಅವನು. ಕಾಲಿಗೆ ಸಗಣಿ ಮೆತ್ತಿದ್ದರೂ ಮೆತ್ತಿರಬಹುದು ಎಂದು ತಾನೇ ಆ ಜಾಗ ಹಿಡಿದಿದ್ದ. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತು ಅವನು ಕೇಳಿದ್ದು ಬಹಳ, ಆಡಿದ್ದು ಕಡಿಮೆ.

ಸಭೆ ಸೇರುತ್ತಿದ್ದದ್ದು ತಿಂಗಳ ಎರಡನೆಯ ಶನಿವಾರ, ಅಧ್ಯಕ್ಷ ಸುಧಾಕರನ ಮೆಡಿಕಲ್ ಸ್ಟೋರಿನ ಮೇಲಿನ ಕೋಣೆಯಲ್ಲಿ. ಜನವರಿಯ ಸಭೆಯಲ್ಲಿ ಸುಧಾಕರ ಒಂದು ಪತ್ರ ಓದಿದ. ಕೋಲಾರದ ಜಿಲ್ಲಾ ಕೇಂದ್ರದಿಂದ ಬಂದದ್ದು. ಮಾರ್ಚ್ ಮುಗಿಯುವುದರೊಳಗೆ ಒಟ್ಟು ಸದಸ್ಯರು ಇಪ್ಪತ್ತು ಜನ ಆಗದಿದ್ದರೆ ಬಂಗಾರಪೇಟೆ ಕ್ಲಬ್ಬನ್ನು ಮುಚ್ಚಿ, ಅದರ ಸಾಮಾನನ್ನೆಲ್ಲ ಕೋಲಾರದ ಕ್ಲಬ್ಬಿಗೆ ಸಾಗಿಸಲಾಗುವುದು ಎಂದು ಅದರಲ್ಲಿತ್ತು.

ಸಾಮಾನು ಎಂದರೆ ಮಂಚಗಳು. ಊರಿಗಾಂನಲ್ಲಿ, ಚಿನ್ನದ ಗಣಿ ಕಂಪನಿಯ ಕಾಲದ ಒಂದು ಹಳೆಯ ಲೈನ್ ಮನೆಯೊಳಗೆ, ಎಲ್ಲರೂ ಶೆಡ್ಡು ಎನ್ನುತ್ತಿದ್ದಲ್ಲಿ, ಕ್ಲಬ್ಬಿನ ಹದಿನಾಲ್ಕು ಆಸ್ಪತ್ರೆ ಮಂಚಗಳಿದ್ದವು. ಕಾಲ ಕಡೆ ಹಿಡಿ ತಿರುಗಿಸಿದರೆ ತಲೆಯ ಕಡೆ ಏಳುವಂಥವು. ಜೊತೆಗೆ ಗಾಳಿ ತುಂಬುವ ಹಾಸಿಗೆಗಳು, ಎರಡು ಗಾಲಿ ಕುರ್ಚಿ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಬಂದು ಕೇಳಬಹುದು, ಒಯ್ಯಬಹುದು, ಬೇಡವಾದ ದಿನ ತಂದುಕೊಡಬಹುದು. ಬೀಗದ ಕೈ ಬಚ್ಚಪ್ಪನ ಸೊಂಟದಲ್ಲಿ. ವಾರಕ್ಕೆ ಮೂರು ದಿನ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಊರಿಗಾಂನಲ್ಲಿ ಇಳಿದು, ಮಂಚಗಳ ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಬಂದವರಿಗೆ ಕೊಟ್ಟು ಕಳಿಸುವುದು ಅವನ ಕೆಲಸ.

ಆ ಮಂಚಗಳು ಬರುವುದಕ್ಕೆ ಮುಂಚೆ ಅವನ ತಾಯಿ ಎರಡು ವರ್ಷ ಚಾಪೆಯ ಮೇಲೆ ಮಲಗಿ, ಬೆನ್ನು ಪೂರಾ ಹುಣ್ಣಾಗಿ ತೀರಿಹೋಗಿದ್ದಳು. ಆ ಬೆನ್ನನ್ನು ತೊಳೆದ ಕೈ ಅವನದು. ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಅಂಟಿದ ಹಳ್ಳಿಯವನು ಒಂದು ಮಂಚಕ್ಕಾಗಿ ಕೋಲಾರಕ್ಕೆ ಹೋದಾನೆಯೇ ಎಂದು ಬಚ್ಚಪ್ಪ ಯೋಚಿಸಿದ. ಹೋಗುವುದಿಲ್ಲ. ಅಲ್ಲಿ ಮತ್ತೆ ಚಾಪೆಯೇ ಗತಿ.

ಸುಧಾಕರ ಸುಮ್ಮನೆ ಕೂತವನಲ್ಲ. ಹೋದ ವರ್ಷ ಒಂದೇ ದಿನ ಒಂಬತ್ತು ಜನರನ್ನು ಸೇರಿಸಿದ್ದ. ಎಲ್ಲರಿಗೂ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಫೋಟೊ ತೆಗೆಸಿ, ಹೋಳಿಗೆ ಊಟ ಹಾಕಿಸಿದ್ದ. ಎರಡನೆಯ ಸಭೆಗೆ ಐವರು ಬಂದರು. ಮೂರನೆಯದಕ್ಕೆ ಇಬ್ಬರು, ಅದರಲ್ಲೂ ಒಬ್ಬರು ಫೋಟೊ ಕೇಳಲು ಬಂದವರು. ಆಮೇಲೆ ಅವರೆಲ್ಲ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಹೂವಿನ ಚಿತ್ರ ಹಾಕಿಕೊಂಡಿದ್ದರು. ಕೊನೆಗೆ ಅದೂ ನಿಂತಿತು. ಈಗ ಸುಧಾಕರ, ಈ ಸಲ ಹತ್ತು ಪೇಟ ತರಿಸೋಣ, ಊಟಕ್ಕೆ ಇನ್ನೊಂದು ಸಿಹಿ ಸೇರಿಸೋಣ ಎಂದು ಹೇಳುತ್ತಿದ್ದ.

ಆಗ ಬಾಗಿಲ ಪಕ್ಕದಿಂದ ಮಾತು ಬಂತು.

"ಒಂದು ಕೇಳ್ಲಾ ಸುಧಾಕರಪ್ಪ? ಇಷ್ಟು ವರ್ಸದಾಗೆ ನಮ್ಮ ಮಂಚ ನಾನೂರು ಮನೆಗೆ ಓಗಿ ಬಂದೈತೆ. ಅವರಾಗೆ ಒಬ್ರೂ ನಮ್ಮ ಜತೆ ಯಾಕೆ ಸೇರ್ಲಿಲ್ಲ?"

ಕೋಣೆಯಲ್ಲಿ ನಗು ಎದ್ದಿತು. ಪಾತ್ರೆ ಅಂಗಡಿಯ ಕೋದಂಡಪ್ಪ ತೊಡೆ ತಟ್ಟಿಕೊಂಡ.

"ಸ್ಮಶಾನ ಕಾಯೋನ ಮನೆಗೆ ಯಾರಾದ್ರೂ ನೆಂಟಸ್ತನ ಕೇಳ್ಕಂಡು ಓಗ್ತಾರಾ ಬಚ್ಚಪ್ಪಣ್ಣ? ಮಂಚ ತಂದು ಹಾಕಿದೋರು ನಮ್ಮ ಬೀದೀನೇ ಮರೆಯೋಕೆ ನೋಡ್ತಾರೆ."

ಇರಬಹುದು ಎಂದು ಬಚ್ಚಪ್ಪನೂ ತಲೆಯಾಡಿಸಿದ. ಆದರೆ ಸೋಮವಾರ ರೈಲಿನಲ್ಲಿ ಕೂತಾಗ ಆ ಮಾತು ಅವನಿಗೆ ಸರಿಹೊಂದಲಿಲ್ಲ. ಮಂಚ ಒಯ್ಯಲು ಬಂದವರು ಅವಸರದಲ್ಲಿರುತ್ತಾರೆ, ಅದು ಸರಿ. ವಾಪಸ್ ತಂದವರು ಹಾಗಲ್ಲ. ಅವರು ಮಂಚವನ್ನು ಸೋಪು ಹಾಕಿ ತೊಳೆದು, ಬಿಸಿಲಿಗಿಟ್ಟು, ಒರೆಸಿ ತರುತ್ತಾರೆ. ಇಳಿಸಿದ ಮೇಲೂ ಹೋಗುವುದಿಲ್ಲ. ಚಹಾ ಕುಡಿಯುತ್ತಾರೆ. ಸತ್ತವರು ಕೊನೆಯ ದಿನ ಏನು ಕೇಳಿದರು, ಏನು ತಿಂದರು ಎಂದು ಹೇಳುತ್ತಾರೆ. ಹಿಡಿಯನ್ನು ಇನ್ನೊಂದು ಸಲ ತಿರುಗಿಸಿ ನೋಡುತ್ತಾರೆ. ಗಂಟೆಗಟ್ಟಲೆ ಕೂತು, ಏಳುವಾಗ ಒಂದೇ ಪ್ರಶ್ನೆ ಕೇಳುತ್ತಾರೆ: ಇದು ಇನ್ನು ಯಾರ ಮನೆಗೆ ಹೋಗುತ್ತದೆ? ಮರೆಯಬೇಕೆನ್ನುವವರಿಗೆ ಅದೆಲ್ಲ ಯಾಕೆ ಬೇಕು? ಇಷ್ಟು ವರ್ಷ ಇದನ್ನು ಕಣ್ಣಾರೆ ಕಂಡಿದ್ದರೂ ಯಾಕೆ ಎಂದು ಅವನು ಕೇಳಿರಲಿಲ್ಲ. ಈಗ ಕೇಳಿಯೇ ಬಿಡಬೇಕು ಎನ್ನಿಸಿತು.

ಮೊದಲು ಹೋದದ್ದು ಊರಿಗಾಂ ಹತ್ತಿರದ ಗಣಿ ಬಡಾವಣೆ ಮೈಸೂರು ಮೈನ್ಸಿಗೆ, ಮುನೀಂದ್ರನ ಮನೆಗೆ. ಲಗೇಜ್ ಆಟೊ ಓಡಿಸುವ ಹುಡುಗ. ಅವನ ಅಪ್ಪ ಮೂರು ವರ್ಷದ ಹಿಂದೆ ನಾಲ್ಕನೆಯ ನಂಬರಿನ ಮಂಚದ ಮೇಲೆ ಐದು ತಿಂಗಳಿದ್ದು ತೀರಿಹೋಗಿದ್ದ. ಬಾಗಿಲು ತೆರೆದದ್ದು ಮುನೀಂದ್ರನ ಹೆಂಡತಿ ರಾಧ. ಬಚ್ಚಪ್ಪನ ಮುಖ ಕಂಡದ್ದೇ ಅವಳ ಬಣ್ಣ ಇಳಿಯಿತು.

"ನಮ್ಮನೇಲಿ ಎಲ್ರೂ ಚೆನ್ನಾಗವ್ರೆ ತಾತ," ಎಂದಳು, ಅವನು ಇನ್ನೂ ಬಾಯಿ ತೆರೆಯುವ ಮುಂಚೆ. ಬಾಗಿಲು ಅರ್ಧಕ್ಕೆ ಬಂತು.

ಮುನೀಂದ್ರ ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ ಹೊರಗೆ ಬಂದು ಅವನನ್ನು ಬೀದಿ ತುದಿಯ ಚಹಾ ಅಂಗಡಿಗೆ ಕರೆದೊಯ್ದ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮನ್ನು ಕಂಡರೆ ಅವಳಿಗೆ ಆ ದಿನಗಳೆಲ್ಲ ನೆನಪಾಗುತ್ತವೆ ಎಂದು ಸಮಾಧಾನ ಹೇಳಿದ. ಕೋದಂಡಪ್ಪನ ಮಾತೇ ನಿಜವಾಯಿತಲ್ಲ ಎಂದುಕೊಂಡು ಬಚ್ಚಪ್ಪ ಚಹಾ ಕುಡಿದ. ಯಾರೋ ಬಾಡಿಗೆಗೆ ಕೂಗಿದರು. ಮುನೀಂದ್ರ ಎದ್ದವನು ಎರಡು ಹೆಜ್ಜೆ ಹೋಗಿ ತಿರುಗಿ ನಿಂತ.

"ತಾತ, ನಾಕನೆ ಮಂಚ ಈಗ ಯಾರ ಮನ್ಯಾಗೈತೆ?"

ಆಂಡರ್ಸನ್‌ಪೇಟೆಯ ಒಬ್ಬ ಮುದುಕಿಯ ಮನೆಯಲ್ಲಿ ಎಂದು ಬಚ್ಚಪ್ಪ ಹೇಳಿದ. ಅದರ ಎಡಗಡೆ ಚಕ್ರ ಸರಿಯಾಗಿದೆಯೇ ಎಂದು ಮುನೀಂದ್ರ ಕೇಳಿದ. ಸರಿಯಾಗಿದೆ ಎಂದ ಮೇಲೆ ಹೋದ. ಮೂರು ವರ್ಷ ಕಳೆದರೂ ಚಕ್ರದ ಚಿಂತೆ. ಬಚ್ಚಪ್ಪನ ಕುತೂಹಲ ಇನ್ನೂ ಹೆಚ್ಚಾಯಿತು.

ಎರಡನೆಯದಾಗಿ ಅವನು ಬಸ್ಸಿನಲ್ಲಿ ಕಾಮಸಮುದ್ರಕ್ಕೆ ಹೋಗಿ, ಅಲ್ಲಿಂದ ಎರಡು ಮೈಲಿ ನಡೆದು ಅಮ್ಮಾಜಮ್ಮನ ಮನೆ ತಲುಪಿದ. ಐವತ್ತು ದಾಟಿದ ಹೆಂಗಸು, ಮನೆ ತುಂಬ ರೇಷ್ಮೆ ಹುಳು ಸಾಕುತ್ತಾಳೆ, ಬಾಯಿ ಜೋರು. ಅವಳ ಅತ್ತೆ ಹದಿನಾಲ್ಕು ತಿಂಗಳು ಮಂಚದಲ್ಲಿದ್ದಳು. ಅಮ್ಮಾಜಮ್ಮ ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಕೊಚ್ಚುತ್ತಿದ್ದವಳು ಅವನನ್ನು ಕಂಡು ಹೆದರಲಿಲ್ಲ. ಯಾರು ಸತ್ತರು ಎಂದೂ ಕೇಳಲಿಲ್ಲ. ಒಂದು ಚೊಂಬು ನೀರು ತಂದಿಟ್ಟು, ಬಂದ ಕೆಲಸ ಹೇಳು ಎಂದಳು. ಅವನು ಸಭೆಯಲ್ಲಿ ಕೇಳಿದ್ದನ್ನೇ ಇಲ್ಲೂ ಕೇಳಿದ.

ಅಮ್ಮಾಜಮ್ಮ ಕೊಚ್ಚುವುದನ್ನು ನಿಲ್ಲಿಸಲಿಲ್ಲ.

"ಮಂಚ ತಂದ ದಿವಸ ನಾನು ನಿನ್ನ ಶೆಡ್ಡಾಗೆ ಎಷ್ಟು ಒತ್ತು ಕುಂತಿದ್ದೆ, ನೆಪ್ಪೈತಾ?"

"ಐತೆ. ಮಳೆ ಬರೋ ಅಂಗಿತ್ತು. ನೀನು ಸುಣ್ಣದ ಡಬ್ಬಿ ಬಿಟ್ಟು ಓಗಿದ್ದೆ."

"ಯಾಕೆ ಕುಂತಿದ್ದೆ ಅಂದ್ಕಂಡೆ?"

ಬಚ್ಚಪ್ಪ ಚೊಂಬು ಎತ್ತಿ ಒಂದು ಗುಟುಕು ಕುಡಿದ.

"ಏಳೋವಾಗ ಮತ್ತೆ ಬಾರಮ್ಮ ಅಂತೀಯೇನೋ ಅಂತ ಕಾದೆ ಕಣಣ್ಣ. ನೀನು ನೆಲ ನೋಡ್ಕಂಡು ಬೀಗ ಹಾಕ್ಕಂಡೆ. ಇವಳು ಓದ್ರೆ ಸಾಕು ಅನ್ನೋ ಅಂಗೆ. ಅದಕ್ಕೆ ಬಸ್ಸಿಡ್ಕಂಡು ಬಂದ್ಬುಟ್ಟೆ."

ಬಚ್ಚಪ್ಪ ಚೊಂಬನ್ನು ಕೆಳಗಿಟ್ಟ. ಆ ಕಡೆಯ ಊರುಗಳಲ್ಲಿ ಸಾವಿನ ಮನೆಯಿಂದ ಏಳುವವರು ಹೋಗಿ ಬರ್ತೀನಿ ಎನ್ನುವುದಿಲ್ಲ. ಮನೆಯವರೂ ಬನ್ನಿ ಎನ್ನುವುದಿಲ್ಲ. ಮತ್ತೆ ಬರುವುದೆಂದರೆ ಇನ್ನೊಂದು ಸಾವಿಗೇ ಬರುವುದು ಎಂದು ಎಲ್ಲರೂ ಬಾಯಿ ಮುಚ್ಚಿ ಎದ್ದು ನಡೆಯುತ್ತಾರೆ. ಮಂಚದ ಶೆಡ್ಡಿನಲ್ಲೂ ಹಾಗೆಯೇ ಇರಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಂಚ ವಾಪಸ್ ತಂದವರಿಗೆ ಮತ್ತೆ ಬನ್ನಿ ಎಂದರೆ ಏನು ಅರ್ಥ? ನಿಮ್ಮ ಮನೆಯಲ್ಲಿ ಇನ್ನೊಬ್ಬರು ಹಾಸಿಗೆ ಹಿಡಿಯಲಿ ಎಂದಲ್ಲವೇ? ಮೊದಲ ಮಂಚ ವಾಪಸ್ ಬಂದ ದಿನವೇ ಅವನ ನಾಲಿಗೆ ತಾನಾಗಿ ಹಿಂದೆ ಸರಿದಿತ್ತು. ಅದಾದ ಮೇಲೆ ನಾನೂರು ಮನೆಯವರನ್ನು ಅವನು ಒಂದು ಮಾತೂ ಆಡದೆ ಕಳಿಸಿಕೊಟ್ಟಿದ್ದ, ಅವರ ಒಳ್ಳೆಯದಕ್ಕೇ ಎಂದುಕೊಂಡು.

ಇದನ್ನು ಅವನು ತಡವರಿಸಿ ತಡವರಿಸಿ ಹೇಳಿದಾಗ ಅಮ್ಮಾಜಮ್ಮ ಕತ್ತಿ ಕೆಳಗಿಟ್ಟು ನಗತೊಡಗಿದಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ದನಿ ತಗ್ಗಿತು. ಅತ್ತೆ ಎಪ್ಪತ್ತು ಕಿಲೊ ತೂಗುತ್ತಿದ್ದಳಂತೆ. ಅವಳನ್ನು ಒಬ್ಬಳೇ ಮಗ್ಗುಲು ಬದಲಾಯಿಸುವುದು ಹೇಗೆ, ಹಾಸಿಗೆಯಲ್ಲೇ ತಲೆಗೆ ನೀರು ಹಾಕುವುದು ಹೇಗೆ, ಬೆನ್ನು ಕೆಂಪಾಗುವ ಮುಂಚೆಯೇ ಕೈಯಿಂದ ಮುಟ್ಟಿ ತಿಳಿಯುವುದು ಹೇಗೆ, ಎಲ್ಲವನ್ನೂ ಅಳುತ್ತಾ ಕಲಿತಿದ್ದಳು.

"ಈಗ ಅದೆಲ್ಲ ಈ ಕೈಯಾಗೇ ಐತೆ," ಎಂದಳು, ಸೊಪ್ಪಿನ ಹಸಿರು ಹತ್ತಿದ ಕೈಗಳನ್ನು ಮುಂದೆ ಚಾಚಿ. "ಹುಳಕ್ಕೆ ಅದು ಬೇಕಾಗಿಲ್ಲ."

ಬಚ್ಚಪ್ಪ ಬಂದು ಸುಧಾಕರನಿಗೆ ಎಲ್ಲ ಹೇಳಿದ. ಸುಧಾಕರ ಕುಣಿದಾಡುವುದೊಂದು ಬಾಕಿ. ಕರೆಯದೆ ಇದ್ದದ್ದೇ ತಪ್ಪಾದರೆ ಇನ್ನು ಕರೆದರಾಯಿತು ಎಂದು ಐವತ್ತು ಅರ್ಜಿ ಅಚ್ಚು ಹಾಕಿಸಿದ. ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಮೇಜು ಹಾಕಿ, ಅಂಗಡಿಯನ್ನು ತಮ್ಮನಿಗೆ ಬಿಟ್ಟು ತಾನೇ ಬಂದು ಕೂತ. ಬಚ್ಚಪ್ಪನಿಗೆ ಏನೋ ಇರುಸುಮುರುಸು. ಆದರೆ ಏನು ಎಂದು ಹೇಳಲು ತಿಳಿಯಲಿಲ್ಲ.

ಮೂರನೆಯ ದಿನ ಕುಪ್ಪುಸ್ವಾಮಿ ಬಂದ. ಗಣಿ ಮುಚ್ಚುವವರೆಗೂ ಅಲ್ಲಿ ಫಿಟ್ಟರ್ ಆಗಿದ್ದವನು, ವಯಸ್ಸಿನಲ್ಲಿ ಬಚ್ಚಪ್ಪನ ಓರಗೆ. ಹೆಂಡತಿ ಎಂಟು ತಿಂಗಳು ಒಂಬತ್ತನೆಯ ನಂಬರಿನ ಮಂಚದಲ್ಲಿದ್ದು ಹೋಗಿ ಹದಿನಾರು ದಿನವಾಗಿತ್ತು. ಮಂಚ ಇಳಿಸಿ, ಬಚ್ಚಪ್ಪ ಕೊಟ್ಟ ಚಹಾ ಕೈಗೆ ತೆಗೆದುಕೊಂಡು ಕೂತ. ಒಂದು ಗುಟುಕೂ ಕುಡಿದಿರಲಿಲ್ಲ, ಸುಧಾಕರ ಅರ್ಜಿ ಮುಂದಿಟ್ಟ. ನಿಮ್ಮಂಥ ಅನುಭವ ಇರುವವರು ನಮಗೆ ಬೇಕು, ಇಲ್ಲೊಂದು ಸಹಿ ಮಾಡಿ, ಮುಂದಿನ ತಿಂಗಳು ಸನ್ಮಾನ ಇಟ್ಟುಕೊಳ್ಳೋಣ ಎಂದು ವಿನಯದಿಂದಲೇ ಹೇಳಿದ.

ಕುಪ್ಪುಸ್ವಾಮಿ ಕಾಗದವನ್ನೂ ಮಂಚವನ್ನೂ ನೋಡಿದ.

"ಮಂಚ ಕೊಟ್ಟಿದ್ದಕ್ಕೆ ಬದ್ಲು ನನ್ನ ತಗೋತೀರಾ ಸಾರ್?"

ಚಹಾ ಲೋಟ ಕೆಳಗಿಟ್ಟು ಎದ್ದು ಹೋದ. ಅವನು ಬೀದಿ ತಿರುಗುವವರೆಗೂ ಇಬ್ಬರೂ ನೋಡುತ್ತಾ ನಿಂತರು. ಚಹಾದ ಮೇಲೆ ಕೆನೆ ಕಟ್ಟಿತು. ಸುಧಾಕರ ಪೆಚ್ಚಾಗಿ ಅರ್ಜಿಗಳನ್ನು ಮಡಿಸಿಕೊಂಡ. ನಾನೇನು ತಪ್ಪು ಹೇಳಿದೆ ಬಚ್ಚಪ್ಪಣ್ಣ ಎಂದು ಕೇಳಿದ. ತಪ್ಪೇನಿಲ್ಲ ಎಂದು ಬಚ್ಚಪ್ಪ ಸಮಾಧಾನ ಮಾಡಿದ. ಆದರೆ ಆ ರಾತ್ರಿಯ ಊಟ ಅವನಿಗೆ ಸೇರಲಿಲ್ಲ. ಕರೆಯದಿದ್ದರೆ ಬೇಸರ, ಕರೆದರೆ ಅವಮಾನ. ಹಾಗಾದರೆ ಕರೆಯುವುದು ಹೇಗೆ? ಹಸುವಿನ ಮೈ ತೊಳೆಯುವಾಗಲೂ ರೈಲಿನಲ್ಲೂ ಅದನ್ನೇ ಯೋಚಿಸಿದ. ದಾರಿ ತೋರಲಿಲ್ಲ.

ದಾರಿ ತೋರಿದ್ದು ಕೆಟ್ಟುಹೋದ ಹಿಡಿ. ಆ ವಾರ ಮುನೀಂದ್ರ ಫೋನು ಮಾಡಿದ. ಅವನ ಪಕ್ಕದ ಮನೆಯ ಮುನಿಸ್ವಾಮಪ್ಪ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ ಮನೆಗೆ ಬರುವವನಿದ್ದ. ಮಂಚ ಬೇಕು. ಮಿಕ್ಕ ಮಂಚಗಳಲ್ಲಿ ಕೆಲವು ಹೊರಗಿದ್ದವು, ಕೆಲವಕ್ಕೆ ಬಣ್ಣ ಬಳಿದು ಇನ್ನೂ ಆರಿರಲಿಲ್ಲ. ಉಳಿದದ್ದು ಒಂಬತ್ತನೆಯದು. ಬಚ್ಚಪ್ಪ ಎಷ್ಟು ತಿರುಗಿಸಿದರೂ ಅದರ ಹಿಡಿ ಅಲುಗಲಿಲ್ಲ. ಕುಪ್ಪುಸ್ವಾಮಿ ಎಂಟು ತಿಂಗಳಲ್ಲಿ ಅದಕ್ಕೆ ತನ್ನದೇ ಏನೋ ಒಂದು ಉಪಾಯ ಮಾಡಿಕೊಂಡಿದ್ದ.

ಬಚ್ಚಪ್ಪ ಹಿಂಜರಿಯುತ್ತಲೇ ಕುಪ್ಪುಸ್ವಾಮಿಯ ಮನೆಗೆ ಹೋಗಿ, ಒಳಗೆ ಕಾಲಿಡದೆ ಬಾಗಿಲಾಚೆ ನಿಂತು ಹೇಳಿದ.

"ಆ ಒಂಬತ್ತನೆ ಮಂಚದ ಹಿಡಿ ನಂಗೆ ತಿರುಗ್ತಿಲ್ಲ ಸ್ವಾಮಿ. ಮೈಸೂರು ಮೈನ್ಸಾಗೆ ಒಬ್ರಿಗೆ ಅರ್ಜೆಂಟಾಗಿ ಬೇಕಾಗೈತೆ. ಜತೆಗೆ ಬತ್ತೀರಾ?"

ಕುಪ್ಪುಸ್ವಾಮಿ ಒಳಗೆ ಹೋಗಿ ಒಂದು ಸ್ಪ್ಯಾನರು ತಂದ, ಚಪ್ಪಲಿ ಮೆಟ್ಟಿದ. ಶೆಡ್ಡಿನಲ್ಲಿ ಮಂಚದ ಕೆಳಗೆ ತೂರಿ, ತಾನೇ ಸಿಕ್ಕಿಸಿದ್ದ ಒಂದು ತಗಡಿನ ಚೂರನ್ನು ಹೊರಕ್ಕೆಳೆದು ತೋರಿಸಿದ. ರಾತ್ರಿ ಹಿಡಿ ತಾನಾಗಿ ಸಡಿಲಗೊಂಡು ಹೆಂಡತಿಯ ತಲೆ ಕೆಳಗೆ ಇಳಿಯದಿರಲಿ ಎಂದು ಸಿಕ್ಕಿಸಿದ್ದಂತೆ. ಮುನೀಂದ್ರನ ಆಟೊದಲ್ಲಿ ಮೂವರೂ ಹೋದರು. ಮುನಿಸ್ವಾಮಪ್ಪನ ಸೊಸೆ ಅರ್ಚನ ಗಾಬರಿಯಿಂದ ಗೋಡೆಗೆ ಒರಗಿ ನಿಂತಿದ್ದಳು. ಕುಪ್ಪುಸ್ವಾಮಿ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿ ಹಾಕಿಸಿದ. ದಿನವೆಲ್ಲ ಗೋಡೆ ನೋಡುತ್ತಾ ಮಲಗಿದರೆ ಮನುಷ್ಯ ಊಟ ಬಿಡುತ್ತಾನೆ ಎಂದ. ಊಟವಾದ ಮೇಲೆ ಹಿಡಿಯನ್ನು ಎಷ್ಟು ಸುತ್ತು ತಿರುಗಿಸಬೇಕು, ಹಾಸಿಗೆಯ ಗಾಳಿ ಇಳಿದದ್ದು ಹೇಗೆ ಗೊತ್ತಾಗುತ್ತದೆ, ಎಲ್ಲವನ್ನೂ ತಮಿಳು ಬೆರೆತ ಕನ್ನಡದಲ್ಲಿ ಹೇಳಿಕೊಟ್ಟ. ಅರ್ಚನ ಗೋಡೆ ಬಿಟ್ಟು ಬಂದು ಹಿಡಿ ತಿರುಗಿಸಿ ನೋಡಿದಳು. ಅಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಇಷ್ಟು ವರ್ಷ ಮಂಚ ಇಳಿಸಿ ಐದು ನಿಮಿಷದಲ್ಲಿ ಬರುತ್ತಿದ್ದ ಬಚ್ಚಪ್ಪ ಮೂಲೆಯಲ್ಲಿ ನಿಂತು ಎಲ್ಲವನ್ನೂ ಬೆರಗಿನಿಂದ ನೋಡಿದ.

ವಾಪಸ್ ಬರುವಾಗ ಕುಪ್ಪುಸ್ವಾಮಿ ಆಟೊದ ಹಿಂದೆ ಕೂತು, ರಸ್ತೆ ನೋಡುತ್ತಾ ಕೇಳಿದ.

"ಮುಂದಿನ ಮಂಚ ಯಾವತ್ತಣ್ಣೆ?"

ಬಚ್ಚಪ್ಪನಿಗೆ ಅಂದು ತಿಳಿದದ್ದು ಇಷ್ಟು. ಶೆಡ್ಡಿಗೆ ಬನ್ನಿ ಎನ್ನುವ ಹಾಗಿಲ್ಲ. ಆದರೆ ಇನ್ನೊಬ್ಬರ ಮನೆಗೆ ಜೊತೆಗೆ ಬನ್ನಿ ಎನ್ನುವುದರಲ್ಲಿ ಯಾವ ಅಪಶಕುನವೂ ಇಲ್ಲ. ಇದನ್ನು ಅವನು ಸಭೆಯಲ್ಲಿ ಭಾಷಣ ಮಾಡಲಿಲ್ಲ. ಮಾಡುತ್ತಾ ಹೋದ, ಅಷ್ಟೇ. ಮಂಚ ವಾಪಸ್ ತಂದವರು ಚಹಾ ಮುಗಿಸುವವರೆಗೆ ಕಾಯುವುದು, ಕೆಲವು ದಿನ ಬಿಡುವುದು, ಆಮೇಲೆ ಇಂಥ ಮನೆಗೆ ಇದೇ ಮಂಚ ಹೋಗುತ್ತಿದೆ, ಒಂದು ಕಡೆ ಕೈ ಕೊಡುತ್ತೀರಾ ಎಂದು ಕೇಳುವುದು. ಎಲ್ಲರೂ ಒಪ್ಪಲಿಲ್ಲ. ಆ ಮಂಚ ಕಂಡರೆ ಎದೆ ಒಡೆಯುತ್ತದೆ ಎಂದು ಒಬ್ಬಳು ಅತ್ತಳು. ಅವಳನ್ನು ಅವನು ಮತ್ತೆ ಕೇಳಲಿಲ್ಲ. ಒಪ್ಪಿದವರು ಮಾತ್ರ ಒಂದು ಸಲಕ್ಕೆ ನಿಲ್ಲಲಿಲ್ಲ. ತಾವು ಮಂಚ ಹಾಕಿಕೊಟ್ಟ ಮನೆಗೆ ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬಂದರು. ಯಾರೂ ಹೇಳಿರಲಿಲ್ಲ. ಅಮ್ಮಾಜಮ್ಮ ಬಸ್ಸು ಹತ್ತಿ ಬಂದು ಅರ್ಚನಳಿಗೆ ಮಾವನ ಮಗ್ಗುಲು ಬದಲಾಯಿಸುವುದನ್ನು ಕಲಿಸಿಹೋದಳು. ಮುನೀಂದ್ರನ ಆಟೊ ಮಂಚಕ್ಕೇ ಎಂಬಂತಾಯಿತು. ಒಂದು ದಿನ ಬೇರೊಬ್ಬರ ಮನೆಯ ಮುಂದೆ ಆ ಆಟೊದಿಂದ ಹಾಸಿಗೆ ಇಳಿಸಿದವಳು ರಾಧ.

ಸುಧಾಕರ ಅರ್ಜಿಗಳನ್ನು ಮತ್ತೆ ಹೊರಗೆ ತೆಗೆದಾಗ ಅಮ್ಮಾಜಮ್ಮ ಒಂದು ಷರತ್ತು ಹಾಕಿದಳು. ಮೂರು ಮಂಚ ಹೊತ್ತವರಿಗೆ ಮಾತ್ರ ಅರ್ಜಿ. ಅದಕ್ಕೆ ಮುಂಚೆ ಪೇಟವೂ ಬೇಡ, ಫೋಟೊವೂ ಬೇಡ. ಹಾಗೆ ಸೇರಿದವರು ಏಳು ಜನ. ಹನ್ನೊಂದಕ್ಕೆ ಏಳು, ಹದಿನೆಂಟಾಯಿತು.

ಮಾರ್ಚ್ ತಿಂಗಳ ಸಭೆಗೆ ಸುಧಾಕರ ಹದಿನೆಂಟು ಕುರ್ಚಿ ಹಾಕಿಸಿದ್ದ. ಬಂದವರು ಐದು ಜನ. ಮಿಕ್ಕವರು, ಹೊಸಬರ ಜೊತೆ ಹೋಗತೊಡಗಿದ್ದ ಹಳಬರೂ ಸೇರಿ, ಎಲ್ಲೋ ಮಂಚ ಹಾಕುತ್ತಿದ್ದರು, ಇಲ್ಲವೇ ಯಾರನ್ನೋ ನೋಡಲು ಹೋಗಿದ್ದರು. ಸುಧಾಕರ ಖಾಲಿ ಕುರ್ಚಿಗಳ ನಡುವೆ ತಲೆ ಹಿಡಿದುಕೊಂಡ. ಸಭೆಗೆ ಬಾರದವರನ್ನು ಸದಸ್ಯರು ಎಂದು ಕೋಲಾರದವರು ಒಪ್ಪುತ್ತಾರೆಯೇ? ಮೇಲಾಗಿ ಇನ್ನೂ ಇಬ್ಬರು ಕಡಿಮೆ. ಎಲ್ಲರೂ ಎದ್ದು ಹೋದ ಮೇಲೆ ಅವನು ಬಚ್ಚಪ್ಪನ ಕುರ್ಚಿಯ ಪಕ್ಕ ಬಂದು ಕೂತ.

"ನಿಮ್ಮ ಮಗ, ಸೊಸೆ ಇಬ್ರ ಹೆಸರು ಬರ್ಕೊಳ್ಲಾ ಬಚ್ಚಪ್ಪಣ್ಣ? ಬರೀ ಹೆಸರು. ಮಂಚಗಳು ಉಳ್ಕೊಳ್ತವೆ."

ಎರಡು ಹೆಸರು. ಒಂದು ನಿಮಿಷದ ಕೆಲಸ. ನಾಳೆ ಹೇಳುತ್ತೇನೆ ಎಂದು ಬಚ್ಚಪ್ಪ ಎದ್ದ. ತಾಯಿಯ ಬೆನ್ನು ಕಣ್ಣ ಮುಂದೆ ಬಂದಿತ್ತು. ಮಾರನೆಯ ಬೆಳಗ್ಗೆ ಡೈರಿಗೆ ಹಾಲು ಹಾಕಿ ನೇರ ಮೆಡಿಕಲ್ ಸ್ಟೋರಿಗೆ ಬಂದ.

"ಬ್ಯಾಡಪ್ಪ. ಅವರು ಒಂದು ಮಂಚಾನೂ ಎತ್ತಿಲ್ಲ. ಓದ ವರ್ಸ ಒಂಬತ್ತು ಹೆಸರು ಬರ್ಕಂಡಿದ್ವಲ್ಲ, ಎಲ್ಲವ್ರೆ ಈಗ?"

ಸುಧಾಕರ ಒತ್ತಾಯ ಮಾಡಲಿಲ್ಲ. ಆ ಮಧ್ಯಾಹ್ನ ಅಂಗಡಿ ಮುಚ್ಚಿ ಊರಿಗಾಂಗೆ ಬಂದು, ಹನ್ನೆರಡನೆಯ ಮಂಚದ ಒಂದು ತುದಿ ಹಿಡಿದು ಚಾಂಪಿಯನ್ ರೀಫ್ಸ್ ಬಡಾವಣೆಯ ಒಂದು ಮನೆಗೆ ಹೊತ್ತ. ಎಂಟು ವರ್ಷ ಅಧ್ಯಕ್ಷನಾಗಿದ್ದವನು ಮಂಚ ಮುಟ್ಟಿದ್ದು ಅದೇ ಮೊದಲು.

ಮಾರ್ಚ್ ಮೂವತ್ತೊಂದರಂದು ಜಿಲ್ಲಾ ಕೇಂದ್ರದಿಂದ ಗೋಪಿನಾಥ್ ಎನ್ನುವವರು ಬಂದರು. ಕನ್ನಡಕ, ಕೈಯಲ್ಲಿ ಫೈಲು, ಹಿಂದೆ ಒಂದು ಲಾರಿ. ಒಳ್ಳೆಯ ಮನುಷ್ಯರೇ. ಸುಧಾಕರ ಕೊಟ್ಟ ಹದಿನೆಂಟು ಹೆಸರು ಓದಿ, ಇನ್ನಿಬ್ಬರು ಸಿಕ್ಕಿದ್ದರೆ ನನಗೂ ಈ ಕೆಲಸ ತಪ್ಪುತ್ತಿತ್ತು ಎಂದು ನಿಜವಾಗಿಯೇ ನೊಂದುಕೊಂಡರು. ಶೆಡ್ಡಿನ ಬೀಗ ತೆಗೆಯಲು ಹೇಳಿದರು. ಬಚ್ಚಪ್ಪ ತೆಗೆದ.

ಒಳಗೆ ಒಂದು ಮಂಚವೂ ಇರಲಿಲ್ಲ. ಗುಡಿಸಿದ ನೆಲದ ಮೇಲೆ ಚಕ್ರಗಳ ಗುರುತು ಮಾತ್ರ.

ಲಾರಿಯವನು ಇಣುಕಿ ನೋಡಿ ಬೀಡಿ ಹಚ್ಚಿದ. ಮಂಚಗಳೆಲ್ಲಿ ಎಂದು ಗೋಪಿನಾಥ್ ಕೇಳಿದರು. ಅಡಗಿಸಿಟ್ಟಿದ್ದಾರೆ ಎಂಬ ಸಂಶಯ ಅವರ ದನಿಯಲ್ಲಿತ್ತು. ಮೊದಲೆಲ್ಲ ಹೊತ್ತೊಯ್ಯುವವರಿಲ್ಲದೆ ಐದಾರು ಮಂಚ ಯಾವಾಗಲೂ ಖಾಲಿ ಬಿದ್ದಿರುತ್ತಿದ್ದವು ಎಂದು ಬಚ್ಚಪ್ಪ ಹೇಳಿದ. ಈಗ ಏಳು ಜನ ಏಳು ದಿಕ್ಕಿಗೆ ತಿರುಗುತ್ತಾರೆ. ಯಾವ ಬೀದಿಯಲ್ಲಿ ಯಾರು ಮಲಗಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ. ಹಾಗಾಗಿ ಹದಿನಾಲ್ಕೂ ಹೊರಗಿವೆ.

ಪುಸ್ತಕ ತೋರಿಸಿ ಎಂದರು. ಪುಸ್ತಕದಲ್ಲಿ ಬಚ್ಚಪ್ಪನ ದಪ್ಪ ಅಕ್ಷರದ ನಂಬರು, ತಾರೀಕು ಬಿಟ್ಟರೆ ಬೇರೇನೂ ಇರಲಿಲ್ಲ. ಮಿಕ್ಕದ್ದು ಅವನ ತಲೆಯಲ್ಲಿತ್ತು. ಬಾಗಿಲಿಗೆ ಒರಗಿ ನಿಂತು ಒಂದೊಂದನ್ನೇ ಹೇಳಿದ. ಒಂದನೆಯದು ರಾಬರ್ಟ್‌ಸನ್‌ಪೇಟೆಯ ಟೈಲರ್ ಮನೆಯಲ್ಲಿ, ಮಲಗಿರುವುದು ಅವನ ಅಣ್ಣ, ನೋಡಿಕೊಳ್ಳಲು ಬುಧವಾರ ಮುನೀಂದ್ರ ಹೋಗುತ್ತಾನೆ. ನಾಲ್ಕನೆಯದು ಇನ್ನೂ ಆಂ​ಡರ್ಸನ್‌ಪೇಟೆಯ ಮುದುಕಿಯ ಹತ್ತಿರವೇ ಇದೆ, ಅವಳಿಗೆ ಈಗ ಕಾಲಿನ ಊತ ಇಳಿದಿದೆ. ಹದಿಮೂರನೆಯದು ಕಾಮಸಮುದ್ರದ ಆಚೆ, ಬಸ್ಸು ಹೋಗದ ಊರಿನಲ್ಲಿ. ಅದನ್ನು ಕೊನೆಯ ಒಂದು ಮೈಲಿ ಅಮ್ಮಾಜಮ್ಮ ಎತ್ತಿನ ಗಾಡಿಯಲ್ಲಿ ಸಾಗಿಸಿದಳು. ಗೋಪಿನಾಥ್ ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ನಡುವೆ ಪೆನ್ನು ನಿಲ್ಲಿಸಿ, ಒಂದು ಮನೆಯನ್ನಾದರೂ ಕಣ್ಣಿಂದ ನೋಡಬೇಕು ಎಂದರು.

ಹತ್ತಿರದ್ದು ಮುನಿಸ್ವಾಮಪ್ಪನ ಮನೆ. ಅಲ್ಲಿ ಕಿಟಕಿಯ ಕಡೆ ಮುಖ ಮಾಡಿದ ಮಂಚದಲ್ಲಿ ಮುದುಕ ಎದ್ದು ಒರಗಿ ಕೂತಿದ್ದ. ಕುಪ್ಪುಸ್ವಾಮಿ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಹಿಡಿಗೆ ಎಣ್ಣೆ ಬಿಡುತ್ತಿದ್ದ. ಇಬ್ಬರೂ ಗಣಿಯ ಯಾವುದೋ ಹಳೆಯ ಮೇಸ್ತ್ರಿಯನ್ನು ಬೈಯುತ್ತಾ ನಗುತ್ತಿದ್ದರು. ಲಾರಿ ತಂದಿರುವವರು ಇವರೇ ಎಂದು ಯಾರೋ ಹೇಳಿದ ಮೇಲೆ ಕುಪ್ಪುಸ್ವಾಮಿ ತಲೆ ಎತ್ತಿ ನೋಡಿದ. ಎಣ್ಣೆಯ ಡಬ್ಬಿ ಹಿಡಿದು ಚಕ್ರದ ಹತ್ತಿರ ಸರಿದ.

ಗೋಪಿನಾಥ್ ಬೀದಿಗೆ ಬಂದರು. ಆಮೇಲೆ ಬಚ್ಚಪ್ಪನನ್ನು ಪಕ್ಕಕ್ಕೆ ಕರೆದರು.

"ಹದಿನಾಲ್ಕೂ ಮಂಚ ಒಂದೇ ದಿನ ಒಳಗಿದ್ದದ್ದು ಯಾವಾಗ ಯಜಮಾನ್ರೆ?"

ಬಚ್ಚಪ್ಪ ನೆನಪಿನಲ್ಲಿ ಹಿಂದಕ್ಕೆ ಹೋದ. "ಮೊದ್ಲು ಲಾರಿಯಾಗೆ ಬಂದ್ವಲ್ಲ, ಆ ಒಂದು ದಿವಸ. ಸಾಯಂಕಾಲಕ್ಕೆ ಒಂದು ಓಯ್ತು. ಆಮೇಲೆ ಯಾವತ್ತೂ ಇಲ್ಲ."

"ಸರಿ," ಎಂದು ಅವರು ಫೈಲನ್ನು ಲಾರಿಯ ಬಾನೆಟ್ಟಿನ ಮೇಲಿಟ್ಟು ಬರೆದರು. ಬರೆದದ್ದನ್ನು ಸುಧಾಕರನಿಗೆ ಓದಿ ಹೇಳಿದರು. ಸದಸ್ಯರು ಹದಿನೆಂಟು, ನಿಯಮದಂತೆ ಸಾಲದು. ಆದರೆ ಸಾಮಾನುಗಳು ರೋಗಿಗಳ ಬಳಕೆಯಲ್ಲಿವೆ. ಹದಿನಾಲ್ಕೂ ಶೆಡ್ಡಿಗೆ ಮರಳಿದ ದಿನ ಕ್ಲಬ್ಬನ್ನು ಮುಚ್ಚಿ, ಸಾಮಾನು ಸಾಗಿಸತಕ್ಕದ್ದು. ಅಲ್ಲಿಯವರೆಗೆ ಕ್ಲಬ್ಬು ಈಗಿರುವ ಹಾಗೆಯೇ ನಡೆಯಲಿ. ಓದುವಾಗ ಅವರ ಮುಖದಲ್ಲಿ ನಗುವಿರಲಿಲ್ಲ. ನನ್ನನ್ನು ಮಂಚ ತರಲು ಕಳಿಸಿದ್ದಾರೆಯೇ ಹೊರತು ಮಲಗಿರುವವರ ಕೆಳಗಿಂದ ಎಳೆಯಲು ಕಳಿಸಿಲ್ಲ ಎಂದಷ್ಟೇ ಹೇಳಿದರು. ಸುಧಾಕರ ಅವರ ಕೈ ಹಿಡಿದುಕೊಂಡ.

ಖಾಲಿ ಲಾರಿ ಧೂಳೆಬ್ಬಿಸಿಕೊಂಡು ಕೋಲಾರದ ಕಡೆ ತಿರುಗಿತು. ಅದು ಕಣ್ಮರೆಯಾಗುವ ಮುಂಚೆಯೇ ಬಚ್ಚಪ್ಪನ ಫೋನು ಬಡಿದುಕೊಂಡಿತು. ಅಮ್ಮಾಜಮ್ಮ. ಏಳನೆಯ ಮಂಚ ನಾಳೆ ವಾಪಸ್ ಬರುತ್ತದೆ ಎಂದಳು. ಬಚ್ಚಪ್ಪ ಅಭ್ಯಾಸಬಲದಿಂದ ದನಿ ತಗ್ಗಿಸಿ, ಯಾವಾಗ ಹೋದರು ಎಂದು ಕೇಳಿದ.

"ಯಾರೂ ಓಗಿಲ್ಲ ಕಣಣ್ಣ. ಆಯಪ್ಪ ಎದ್ದು ಓಡಾಡ್ತಾವ್ನೆ. ಮಂಚ ನಾನೇ ತತ್ತೀನಿ ಅಂತ ಅಠ ಹಿಡ್ದವ್ನೆ."

ಬಚ್ಚಪ್ಪ ರೈಲ್ವೆ ಸ್ಟೇಷನ್ನಿನ ಕಡೆ ನಡೆದ. ತಾನು ಮಲಗಿದ್ದ ಮಂಚವನ್ನು ತಾನೇ ತಂದುಕೊಟ್ಟವರು ಇಷ್ಟು ವರ್ಷದಲ್ಲಿ ಮೂರೇ ಜನ. ಆ ಮೂವರಿಗೂ ಅವನು ಚಹಾ ಕೊಟ್ಟು ಸುಮ್ಮನೆ ಕಳಿಸಿದ್ದ. ಪಕ್ಕದಲ್ಲಿ ನಿಂತು ನೋಡಿಕೊಂಡವರಿಗೆ ಗೊತ್ತಿಲ್ಲದ್ದು ಮೇಲೆ ಮಲಗಿದ್ದವನಿಗೆ ಏನೆಲ್ಲ ಗೊತ್ತಿರಬೇಕು? ಮಲಗಿದವನಿಗೆ ಹೇಗೆ ಕಾಣುತ್ತದೆ ಮನೆ? ಯಾರ ಮಾತು ಹಿತವಾಗುತ್ತದೆ, ಯಾರು ಬೇಗ ಎದ್ದು ಹೋದರೆ ಸಾಕು ಎನ್ನಿಸುತ್ತದೆ? ಟೈಲರ್ ಮನೆಯ ಅಣ್ಣ ಮೂರು ದಿನದಿಂದ ಯಾರೊಡನೆಯೂ ಮಾತಾಡಿಲ್ಲ ಎಂದು ಮುನೀಂದ್ರ ಹೇಳಿದ್ದ. ನಾಳೆ ಮಂಚ ತರುವವನು ಚಹಾ ಮುಗಿಸಲಿ, ಟೈಲರ್ ಮನೆಗೆ ಜೊತೆಗೆ ಬರುತ್ತೀರಾ ಎಂದು ಅವನನ್ನು ಕೇಳಿ ನೋಡಬೇಕು ಎಂದುಕೊಂಡು, ಬಚ್ಚಪ್ಪ ಬಂಗಾರಪೇಟೆಗೆ ಹೋಗುವ ರೈಲಿಗೆ ಕಾದು ಕೂತ.